ತಡ ಮಾಡಿದವರು ಯಾರು?

(ಯಲಹಂಕದ ಸಭೆಯಲ್ಲಿ ಆಡಿದ ಮಾತು)



ಜಾಲ, ಹೆಸರಘಟ್ಟ, ಹೆಬ್ಬಾಳದ ಕೇರಿಗಳಿಂದ ಬಂದು ಕೂತಿದ್ದೀರಿ. ನಮ್ಮಲ್ಲಿ ಎಷ್ಟೋ ಜನರ ತಾತಂದಿರಿಗೆ ಸರ್ಕಾರ ದರಖಾಸ್ತು ಜಮೀನು ಕೊಟ್ಟಿತ್ತು. ಪರಭಾರೆ ಮಾಡಕೂಡದು ಅಂತ ಷರತ್ತೂ ಇತ್ತು. ಮದುವೆ ಸಾಲ, ಕಾಯಿಲೆ ಸಾಲ, ಊರ ಯಜಮಾನರ ಗದರಿಕೆ. ಹೆಬ್ಬೆಟ್ಟು ಒತ್ತಿಸಿಕೊಂಡರು. ಆಗ ರಾಗಿ ಬೆಳೀತಿದ್ದ ನೆಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆಯ ಉದ್ದಕ್ಕೂ ಚದರಡಿ ಲೆಕ್ಕ.

ಇಂಥ ಜಮೀನು ವಾಪಸು ಕೊಡಿಸೋಕೇ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ಷರತ್ತು ಮುರಿದ ಮಾರಾಟ ಕಾಯ್ದೆಗೆ ಮುಂಚೆ ಆಗಿದ್ದರೂ ಅಸಿಂಧು. ಕೊಂಡವರು ಸುಪ್ರೀಂ ಕೋರ್ಟಿನ ತನಕ ಹೋದರು. ಮಂಚೇಗೌಡ ಪ್ರಕರಣದಲ್ಲಿ, 1984ರಲ್ಲಿ, ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಇಷ್ಟೇ ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಎರಡು ದಶಕ ದಾಟಿ ಹಾಕಿದ ಅರ್ಜಿ ಸಮಂಜಸ ಕಾಲ ಮೀರಿದ್ದು ಅಂದಿತು. ಆ ಒಂದು ಮಾತು ಹಿಡಿದು ನಮ್ಮವರ ಕೇಸುಗಳು ಸಾಲುಸಾಲಾಗಿ ಬಿದ್ದುಹೋದವು.

ದಲಿತ ಸಂಘಟನೆಗಳು ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು ಇದಕ್ಕೇ. 2023ರ ಜುಲೈನಲ್ಲಿ ತಿದ್ದುಪಡಿ ಬಂತು. ಅರ್ಜಿಗೆ ಕಾಲಮಿತಿ ಇಲ್ಲ, ಬಾಕಿ ಕೇಸುಗಳಿಗೂ ಇದು ಅನ್ವಯ. ಪಟಾಕಿ ಹೊಡೆದು ಮನೆಗೆ ಹೋಗೋ ಹಾಗಿರಲಿಲ್ಲ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು, ಕಾಲಮಿತಿ ಬೇರೆ, ವಿಳಂಬ ಬೇರೆ ಅಂತ ಹೇಳಿತು. ಈ ಎರಡರ ನಡುವಿನ ಕೂದಲೆಳೆ ಕೂಲಿ ಮಾಡೋರ ಕಣ್ಣಿಗೆ ಕಾಣೋದಿಲ್ಲ ಸ್ವಾಮಿ.

ವಿಳಂಬವನ್ನೇ ಎಣಿಸೋದಾದರೆ ಎಲ್ಲರದೂ ಎಣಿಸಿ. ಕಾಯ್ದೆಯ 5ನೇ ಕಲಮಿನ ಪ್ರಕಾರ ಅಸಿಸ್ಟೆಂಟ್ ಕಮಿಷನರ್ ಯಾರ ಅರ್ಜಿಗೂ ಕಾಯಬೇಕಿಲ್ಲ. ತಾನಾಗಿಯೇ ಕೇಸು ತೆಗೆದುಕೊಳ್ಳಬಹುದು. 6ನೇ ಕಲಮು ಅನುಮತಿಯಿಲ್ಲದ ಕ್ರಯವನ್ನು ನೋಂದಣಿ ಮಾಡಕೂಡದು ಅನ್ನುತ್ತೆ. ಮಂಜೂರಾತಿ ಕಡತ ತಾಲ್ಲೂಕು ಕಚೇರಿಯಲ್ಲೇ ಇತ್ತು. ಓದು ಬಾರದ ಅಜ್ಜ ಸುಮ್ಮನಿದ್ದ ವರ್ಷಗಳು ತಪ್ಪಾದರೆ, ಓದಿ ಸಂಬಳ ಎಣಿಸಿದವರು ಸುಮ್ಮನಿದ್ದ ವರ್ಷಗಳು ಯಾರ ಲೆಕ್ಕಕ್ಕೆ?

ಅದೇ 5ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಯಾವುದೇ ವ್ಯಕ್ತಿ ಬರವಣಿಗೆಯಲ್ಲಿ ಮಾಹಿತಿ ಕೊಟ್ಟರೂ ವಿಚಾರಣೆ ಆಗಬಹುದು. ಕಾನೂನಿನ ಆಳ್ವಿಕೆ, ನಾಗರಿಕ ಸಮಾಜ ಅಂತ ನಗರದಲ್ಲಿ ಸೆಮಿನಾರುಗಳು ನಡೀತವೆ, ಊಟವೂ ಚೆನ್ನಾಗಿರುತ್ತೆ. ಬಿ.ಎ. ಮಾಡಿ ಪದ್ಯ ಬರೀತಾ ಓಡಾಡೋ ನಮ್ಮಂಥವರಿಗೆ ಆ 'ಯಾವುದೇ ವ್ಯಕ್ತಿ' ಆಗೋ ಕೆಲಸ ಸಾಕಷ್ಟಿದೆ. ಪಹಣಿ ಓದೋದು, ನಕಲಿಗೆ ಅರ್ಜಿ ಬರೆಯೋದು, ಎ.ಸಿ. ಕೋರ್ಟಿನ ಬಾಗಿಲಲ್ಲಿ ಮುದುಕಿಯರ ಜೊತೆ ನಿಲ್ಲೋದು, ಸೋತರೆ ಮೂರು ತಿಂಗಳೊಳಗೆ ಡಿ.ಸಿ.ಗೆ ಅಪೀಲು ಹಾಕಿಸೋದು.

ಸಾಗುವಳಿ ಚೀಟಿ, ಪಹಣಿ, ಕ್ರಯಪತ್ರ ಇರೋರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ. ಜೆರಾಕ್ಸ್ ಮಾತ್ರ ಕೊಡಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ.