ಎರಡು ಪೆಟ್ಟಿಗೆಯಿಂದ ಒಂದು ವಿಮಾನ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಗೋಷ್ಠಿಗೆ ಕೊಟ್ಟ ವಿಷಯ ‘ನನ್ನ ಹವ್ಯಾಸ’. ನನಗಿಂತ ಮೊದಲು ಮಾತನಾಡಿದವರು ನಾಟಕದ ಬಗ್ಗೆ, ಜೇನು ಸಾಕಣೆಯ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ನನ್ನ ಹವ್ಯಾಸ ಸ್ವಲ್ಪ ವಿಚಿತ್ರವಾದದ್ದು. ಈ ಮೇಜಿನ ಮೇಲೆ ಇಟ್ಟಿದ್ದೇನಲ್ಲ, ಒಂದು ಗೇಣು ಉದ್ದದ ಬಿಳಿ ವಿಮಾನ, ಇಂಥವನ್ನು ಜೋಡಿಸುವುದೇ ನನ್ನ ಹವ್ಯಾಸ. ಇದು ಅಂಗಡಿಯಿಂದ ಹೀಗೇ ಬಂದದ್ದಲ್ಲ. ಎರಡು ಬೇರೆ ಬೇರೆ ಪೆಟ್ಟಿಗೆಯ ಬಿಡಿಭಾಗಗಳನ್ನು ಕೂಡಿಸಿ ಎಂಟು ತಿಂಗಳ ಭಾನುವಾರಗಳಲ್ಲಿ ಮಾಡಿದ್ದು. ಇದರ ಕಾಲು ಎಳೆದು, ಮೂಗು ಮಡಚಿದರೆ ಇದೇ ವಿಮಾನ ಮನುಷ್ಯನಂತೆ ಎದ್ದು ನಿಲ್ಲುತ್ತದೆ. ಭಾಷಣ ಮುಗಿದ ಮೇಲೆ ಮಕ್ಕಳು ಹತ್ತಿರ ಬಂದು ನೋಡಬಹುದು, ಮುಟ್ಟಲೂಬಹುದು.

ಇದು ಜಪಾನಿನಿಂದ ಬಂದ ಕಲ್ಪನೆ. 1982ರ ಅಕ್ಟೋಬರ್‌ನಲ್ಲಿ ಅಲ್ಲಿನ ಟಿ.ವಿ.ಯಲ್ಲಿ ‘ಮ್ಯಾಕ್ರಾಸ್’ ಎಂಬ ಕಾರ್ಟೂನ್ ಧಾರಾವಾಹಿ ಶುರುವಾಯಿತು. ಮರುವರ್ಷ ಜೂನ್‌ವರೆಗೆ 36 ಕಂತು ನಡೆಯಿತು. ಅದರಲ್ಲಿ ಬರುವ ಯುದ್ಧವಿಮಾನದ ಹೆಸರು ವಿ.ಎಫ್.-1 ವಾಲ್ಕಿರಿ. ಅದನ್ನು ರೂಪಿಸಿದವರು ಶೋಜಿ ಕವಾಮೊರಿ. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು ವಯಸ್ಸು. ಅಮೆರಿಕದ ಎಫ್-14 ಎಂಬ ನಿಜವಾದ ವಿಮಾನದ ಛಾಯೆ ವಾಲ್ಕಿರಿಯಲ್ಲಿ ಎದ್ದು ಕಾಣುತ್ತದೆ. ಹಾರುವಾಗಲೇ ರೆಕ್ಕೆಯನ್ನು ಹಿಂದಕ್ಕೆ ಮಡಚುವ ಗುಣ ಎರಡಕ್ಕೂ ಇದೆ. ರೆಕ್ಕೆ ಮಡಚುವ ವಿಮಾನ ನಮ್ಮ ವಾಯುಪಡೆಯಲ್ಲೂ ಇತ್ತು. ಎಚ್.ಎ.ಎಲ್. ಸಂಸ್ಥೆ ನಾಸಿಕ್‌ನಲ್ಲಿ ತಯಾರಿಸಿದ ಮಿಗ್-27 ಅಂಥದ್ದು. 2019ರ ಡಿಸೆಂಬರ್‌ನಲ್ಲಿ ಅದಕ್ಕೆ ಬೀಳ್ಕೊಡುಗೆ ಕೊಟ್ಟರು.

ವಾಲ್ಕಿರಿಗೆ ಮೂರು ರೂಪ. ಮೊದಲನೆಯದು ವಿಮಾನ. ಎರಡನೆಯದಕ್ಕೆ ‘ಗರ್ವಾಕ್’ ಎನ್ನುತ್ತಾರೆ, ಮೇಲೆ ವಿಮಾನ, ಕೆಳಗೆ ಕೊಕ್ಕರೆಯಂತೆ ಹಿಂದಕ್ಕೆ ಮಡಚಿದ ಕಾಲು. ಮೂರನೆಯದು ‘ಬ್ಯಾಟ್ರಾಯ್ಡ್’, ಅಂದರೆ ಪೂರ್ತಿ ಮನುಷ್ಯಾಕಾರ. ವಿಮಾನದ ಎರಡು ಇಂಜಿನ್ ಗೂಡುಗಳೇ ಎರಡು ಕಾಲು. ಬೆಂಕಿ ಹೊರಬರುವ ಬಾಯಿಯೇ ಪಾದ. ಎರಡು ಕೈಗಳು ಹೊಟ್ಟೆಯ ಕೆಳಗೆ, ಕಾಲುಗಳ ನಡುವೆ ಮಡಚಿಕೊಂಡಿರುತ್ತವೆ. ಮೂಗು ಕೆಳಕ್ಕೆ ಬಾಗಿ ಎದೆ, ಸೊಂಟ ಆಗುತ್ತದೆ. ಪೈಲಟ್ ಕೂರುವ ಜಾಗದ ಮೇಲೆ ಒಂದು ಕವಚ ಬಂದು ಮುಚ್ಚುತ್ತದೆ. ರೆಕ್ಕೆಗಳು ಬೆನ್ನಿಗೆ ಅಂಟಿಕೊಳ್ಳುತ್ತವೆ. ಯಾವ ಭಾಗವೂ ವ್ಯರ್ಥವಾಗಿ ಕೂತಿಲ್ಲ, ಒಂದೊಂದಕ್ಕೂ ಎರಡೆರಡು ಕೆಲಸ. ಕವಾಮೊರಿ ಅವರು ಇಂಥ ಬದಲಾವಣೆಗಳನ್ನು ಬರೀ ಚಿತ್ರ ಬರೆದು ಬಿಡುವುದಿಲ್ಲ, ಮಕ್ಕಳ ಲೆಗೊ ಇಟ್ಟಿಗೆಗಳಿಂದ ಮಾಡಿ ಕೈಯಾರೆ ತಿರುಗಿಸಿ ನೋಡುತ್ತಾರೆ.

ಈಗ ನನ್ನ ಕಸುಬಿಗೆ ಬರುತ್ತೇನೆ. ನಾನು ಪೀಣ್ಯದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುವ ಟೂಲ್ ರೂಮಿನಲ್ಲಿ ಕೆಲಸ ಮಾಡುವವನು. ಈ ಮಾಡೆಲ್ ಕಿಟ್‌ಗಳೂ ಅದೇ ವಿಧಾನದಲ್ಲಿ ತಯಾರಾಗುತ್ತವೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುತ್ತಾರೆ. ಬಿಡಿಭಾಗಗಳು ರನ್ನರ್ ಎಂಬ ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡೇ ಹೊರಬರುತ್ತವೆ. ನಾವು ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಭಾಗದ ಒಳಮೈಯಲ್ಲಿ ಸಣ್ಣ ದುಂಡು ಗುರುತು ಕಂಡರೆ ಅದು ಎಜೆಕ್ಟರ್ ಪಿನ್ ತಳ್ಳಿದ ಜಾಗ. ಎಲ್ಲೋ ಜಪಾನಿನಲ್ಲಿ ನನ್ನಂಥ ಒಬ್ಬ ಕೆಲಸಗಾರ ಆ ಪಿನ್ ಎಲ್ಲಿ ಕೂರಬೇಕೆಂದು ತಲೆಕೆಡಿಸಿಕೊಂಡಿದ್ದಾನೆ ಎಂದು ನನಗೆ ಗೊತ್ತಾಗುತ್ತದೆ.

ಹಾಗಾದರೆ ಒಂದು ಪೆಟ್ಟಿಗೆ ಸಾಲದೆ ಎರಡು ಯಾಕೆ ಬೇಕು? ಇದೇ ಈ ಹವ್ಯಾಸದ ತಿರುಳು. ಕಾಗದದ ಮೇಲೆ ಚಿತ್ರ ಬರೆಯುವವನಿಗೆ ಸ್ವಾತಂತ್ರ್ಯ ಇದೆ. ವಿಮಾನ ಬರೆಯುವಾಗ ಕಾಲನ್ನು ತೆಳ್ಳಗೆ ಬರೆಯಬಹುದು, ಮನುಷ್ಯನನ್ನು ಬರೆಯುವಾಗ ಅದೇ ಕಾಲನ್ನು ದಪ್ಪಗೆ ಬರೆಯಬಹುದು. ಪ್ಲಾಸ್ಟಿಕ್ಕಿಗೆ ಆ ಸ್ವಾತಂತ್ರ್ಯ ಇಲ್ಲ. ಒಮ್ಮೆ ಅಚ್ಚಾದ ಕಾಲು ಮೂರೂ ರೂಪದಲ್ಲಿ ಅಷ್ಟೇ ದಪ್ಪ. ಧಾರಾವಾಹಿಯ ಕಾಲದಲ್ಲೇ ಇಮಾಯಿ ಎಂಬ ಕಂಪನಿ 1/72 ಅಳತೆಯಲ್ಲಿ ರೂಪ ಬದಲಿಸುವ ಕಿಟ್ ತಂದಿತು. ತಿರುಗಿಸಿದರೆ ತಿರುಗುತ್ತಿತ್ತು, ಆದರೆ ವಿಮಾನವಾಗಿ ನೋಡಿದರೆ ಅಷ್ಟು ನಾಜೂಕಾಗಿ ಕಾಣುತ್ತಿರಲಿಲ್ಲ. ಆಮೇಲೆ ಹಸೆಗಾವಾ ಎಂಬ ಕಂಪನಿ ಬೇರೆ ದಾರಿ ಹಿಡಿಯಿತು. ವಿಮಾನಕ್ಕೆ ಒಂದು ಕಿಟ್, ಗರ್ವಾಕ್‌ಗೆ ಒಂದು, ಬ್ಯಾಟ್ರಾಯ್ಡ್‌ಗೆ ಒಂದು. ಪ್ರತಿಯೊಂದೂ ಬಹಳ ಸುಂದರ, ಆದರೆ ಯಾವುದೂ ಇನ್ನೊಂದಾಗುವುದಿಲ್ಲ. 2008ರಲ್ಲಿ ಬಂಡಾಯಿ ಕಂಪನಿ ವಿ.ಎಫ್.-25 ಎಂಬ ಮುಂದಿನ ತಲೆಮಾರಿನ ವಿಮಾನವನ್ನು ಪೂರ್ತಿ ರೂಪ ಬದಲಿಸುವಂತೆ 1/72ರಲ್ಲಿ ತಂದಿತು. ಅದರಲ್ಲಿ ಕೀಲುಗಳೇ ಕೀಲುಗಳು.

ಆದ್ದರಿಂದ ಹವ್ಯಾಸಿಗಳು ಒಂದರ ಚಂದವನ್ನೂ ಇನ್ನೊಂದರ ಚಲನೆಯನ್ನೂ ಕೂಡಿಸಲು ಹೊರಡುತ್ತಾರೆ. ಈ ಮೇಜಿನ ಮೇಲಿರುವುದೂ ಹಾಗೆಯೇ. ಮೂಗು, ರೆಕ್ಕೆ ಹಸೆಗಾವಾದ್ದು. ಸೊಂಟ, ಮಂಡಿ ಇಮಾಯಿಯ ಹಳೆಯ ಅಚ್ಚಿನಿಂದ ಬಂದ ಕಿಟ್‌ನದ್ದು.

ಮಕ್ಕಳೇ, ಇಲ್ಲಿ ನಿಮ್ಮ ಗಣಿತ ಬೇಕು. 1/72 ಅಂದರೆ ನಿಜವಾದದ್ದರ ಎಪ್ಪತ್ತೆರಡನೇ ಒಂದು ಭಾಗ. ಆರು ಅಡಿಗೆ 72 ಇಂಚು, ಹಾಗಾಗಿ ಆರಡಿ ಆಳು ಈ ಅಳತೆಯಲ್ಲಿ ಒಂದು ಇಂಚು. ವಾಲ್ಕಿರಿಯ ಉದ್ದ 14.23 ಮೀಟರ್ ಎಂದು ಕಥೆಯಲ್ಲಿ ಹೇಳಿದ್ದಾರೆ. ಎಪ್ಪತ್ತೆರಡರಿಂದ ಭಾಗಿಸಿದರೆ ಸುಮಾರು 198 ಮಿಲಿಮೀಟರ್. ಅದೇ ವಿಮಾನದ 1/100 ಕಿಟ್ ಕೂಡ ಸಿಗುತ್ತದೆ, ಅದರ ಉದ್ದ 142 ಮಿಲಿಮೀಟರ್. ಒಂದರ ಕಾಲು ಇನ್ನೊಂದಕ್ಕೆ ಹಾಕಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಅಳತೆ ಒಂದೇ ಇದ್ದರೂ ಎರಡು ಕಂಪನಿಯವರು ಒಂದೇ ಭಾಗವನ್ನು ಬೇರೆ ಬೇರೆ ಅಗಲಕ್ಕೆ ಮಾಡಿರುತ್ತಾರೆ. ಅದಕ್ಕೇ ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡನ್ನೂ ಅಳೆದು, ಬರೆದಿಟ್ಟುಕೊಂಡು, ಆಮೇಲೆ ಕತ್ತಿ ಹಾಕಬೇಕು.

ಕತ್ತರಿಸಿದ ಮೇಲೆ ತಕ್ಷಣ ಅಂಟಿಸುವುದಿಲ್ಲ. ಮೊದಲು ಟೇಪ್ ಸುತ್ತಿ ಕೂಡಿಸಿ, ಎಲ್ಲ ಕೀಲನ್ನೂ ತಿರುಗಿಸಿ ನೋಡುತ್ತೇವೆ. ಎಲ್ಲಿ ಉಜ್ಜುತ್ತದೆ, ಎಲ್ಲಿ ಸಂದು ಬಿಡುತ್ತದೆ ಎಂದು ಆಗ ತಿಳಿಯುತ್ತದೆ. ಸಂದಿಗೆ ತೆಳು ಪ್ಲಾಸ್ಟಿಕ್ ಹಾಳೆಯ ತುಂಡು ಕೊಡುತ್ತೇವೆ. ಕತ್ತರಿಸಿ ಉಳಿದ ರನ್ನರ್ ಕಡ್ಡಿಯನ್ನು ಅಂಟಿನಲ್ಲೇ ಕರಗಿಸಿಟ್ಟರೆ ಅದೇ ಲಪ್ಪ ಆಗುತ್ತದೆ. ಈ ಅಂಟು ಗೋಂದಿನಂತೆ ನಡುವೆ ಕೂರುವುದಲ್ಲ, ಎರಡು ಮೈಯನ್ನೂ ಕರಗಿಸಿ ಬೆಸೆಯುತ್ತದೆ. ಒಣಗಿದ ಮೇಲೆ ಎರಡು ಕಿಟ್‌ನ ಪ್ಲಾಸ್ಟಿಕ್ ಒಂದೇ ಆಗಿರುತ್ತದೆ. ಆದರೆ ಕೀಲಿನ ಒಳಗೆ ಇಡುವ ಮೆತ್ತನೆಯ ಪಾಲಿಎಥಿಲೀನ್ ಬುಶ್‌ಗೆ ಈ ಅಂಟೂ ಹಿಡಿಯದು, ಬಣ್ಣವೂ ಹಿಡಿಯದು. ಯಾವ ವಸ್ತು ಯಾವುದಕ್ಕೆ ಒಪ್ಪುತ್ತದೆ ಎಂದು ತಿಳಿಯದೆ ಮುಂದೆ ಹೋಗುವಂತಿಲ್ಲ. ಇದೆಲ್ಲ ಕಿಟಕಿ ತೆರೆದಿಟ್ಟೇ ಮಾಡಬೇಕಾದ ಕೆಲಸ, ಅಂಟಿನ ಆವಿ ಒಳ್ಳೆಯದಲ್ಲ.

ಇನ್ನು ಬಣ್ಣ. ಗೋಡೆಗೆ ಬಣ್ಣ ಬಳಿದರೆ ಗೋಡೆ ದಪ್ಪವಾಯಿತೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಇಲ್ಲಿ ಹಾಕಬೇಕು. ಒಂದರೊಳಗೊಂದು ಜಾರುವ ಭಾಗಗಳಿಗೆ ಎರಡು ಕೋಟ್ ಬಣ್ಣ ಬಿದ್ದರೆ ಸಾಕು, ಬಿಗಿಯಾಗಿ ತಿರುಗಿಸುವಾಗ ಬಣ್ಣ ಕಿತ್ತು ಬರುತ್ತದೆ. ಆದ್ದರಿಂದ ಬಣ್ಣ ಕೂರುವಷ್ಟು ಜಾಗವನ್ನು ಮೊದಲೇ ಉಜ್ಜಿ ತೆಗೆದಿರಬೇಕು. ತೂಕದ ಲೆಕ್ಕವೂ ಉಂಟು. ಚಕ್ರದ ಮೇಲೆ ನಿಂತಾಗ ವಿಮಾನ ಬಾಲದ ಕಡೆ ಕುಸಿಯದಿರಲು ಮೂಗಿನೊಳಗೆ ಸೀಸದ ಗುಂಡು ಇಡುತ್ತೇವೆ. ಆದರೆ ಕೊಕ್ಕರೆಗಾಲಿನ ಮೇಲೆ ನಿಂತಾಗ ಅದೇ ತೂಕ ಮುಂದಕ್ಕೆ ಬೀಳಿಸುತ್ತದೆ.

ಹೀಗೆ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬೆಲೆ ತೆರಬೇಕು. ಮೂರು ರೂಪದಲ್ಲೂ ನೂರಕ್ಕೆ ನೂರು ಚಂದ ಎಂಬುದು ಪ್ಲಾಸ್ಟಿಕ್ಕಿನಲ್ಲಿ ಸಾಧ್ಯವಿಲ್ಲ. ನನಗೆ ಯಾವುದು ಮುಖ್ಯ, ಯಾವುದನ್ನು ಬಿಟ್ಟುಕೊಡುತ್ತೇನೆ ಎಂದು ಮೊದಲೇ ತೀರ್ಮಾನ ಮಾಡಬೇಕು. ಆ ತೀರ್ಮಾನವನ್ನು ಪೆಟ್ಟಿಗೆಯೊಳಗಿನ ಸೂಚನಾಪತ್ರ ಹೇಳಿಕೊಡುವುದಿಲ್ಲ. ಒಂದೇ ಕಿಟ್ ಜೋಡಿಸುವವನು ಸೂಚನೆ ಓದಿದರೆ ಸಾಕು. ಎರಡನ್ನು ಕೂಡಿಸುವವನು ಎರಡನ್ನೂ ಮಾಡಿದವರ ಮನಸ್ಸನ್ನು ಓದಬೇಕು. ಈ ಭಾಗ ಯಾಕೆ ಹೀಗಿದೆ ಎಂದು ಕೇಳಲು ಕಲಿಯಬೇಕು.

ಊರಿನ ಹಿರಿಯರು ಕೇಳಬಹುದು, “ಏನಪ್ಪಾ, ಈ ಗೊಂಬೆ ಅನ್ನ ಹಾಕುತ್ತಾ?” ಇಲ್ಲ ಯಜಮಾನರೇ, ಹಾಕುವುದಿಲ್ಲ. ಈ ಕೆಲಸಕ್ಕೆ ನನಗೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ, ಖರ್ಚೇ ಆಗಿದೆ. ಆದರೆ ಇದೇ ಕೆಲಸವನ್ನು ನೀವೂ ಮಾಡಿದ್ದೀರಿ. ಪಂಪ್‌ಸೆಟ್ಟಿನ ಹಳೆಯ ಡೀಸೆಲ್ ಇಂಜಿನ್ ತಂದು ಕಬ್ಬಿನ ಗಾಣಕ್ಕೆ ಜೋಡಿಸಿದವರು ಈ ಸಭೆಯಲ್ಲೇ ಇದ್ದೀರಿ. ಪುಲ್ಲಿ ಎಷ್ಟು ದೊಡ್ಡದಿರಬೇಕು, ಬೆಲ್ಟ್ ಎಷ್ಟು ಬಿಗಿ ಇರಬೇಕು ಎಂದು ನೀವು ಲೆಕ್ಕ ಹಾಕಿದಿರಲ್ಲ, ಅದೂ ಎರಡು ಯಂತ್ರ ಮಾಡಿದವರ ಮನಸ್ಸು ಓದುವ ಕೆಲಸವೇ.

ಟೂಲ್ ರೂಮಿಗೆ ಪ್ರತಿವರ್ಷ ಹೊಸ ಹುಡುಗರು ಬರುತ್ತಾರೆ. ಯಾವ ಗುಂಡಿ ಒತ್ತಬೇಕೆಂದು ಹದಿನೈದು ದಿನದಲ್ಲಿ ಕಲಿಯುತ್ತಾರೆ. ಅಚ್ಚಿನಲ್ಲಿ ಸಂದು ಬಿಟ್ಟಾಗ ಯಾಕೆ ಬಿಟ್ಟಿತು ಎಂದು ಹುಡುಕುವವರು ಕಡಿಮೆ. ಹುಡುಕುವವರನ್ನು ವಿಚಾರಿಸಿದರೆ, ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿದವರೋ, ಸೈಕಲ್ ರಿಪೇರಿ ಅಂಗಡಿಯಲ್ಲಿ ಬೆಳೆದವರೋ ಆಗಿರುತ್ತಾರೆ. ಹೆಣ್ಣುಮಕ್ಕಳಿಗೆ ಆ ಅವಕಾಶವೂ ಸಿಕ್ಕಿರುವುದಿಲ್ಲ, ಯಾಕೆಂದರೆ ಮನೆಯಲ್ಲಿ ಸ್ಕ್ರೂಡ್ರೈವರ್ ಅಣ್ಣನ ಕೈಗೆ ಹೋಗುತ್ತದೆ. ಎಲ್ಲರ ಕೈಗೂ ಸಮನಾಗಿ ಅದು ಸಿಗಬಹುದಾದ ಜಾಗ ಒಂದೇ, ಶಾಲೆ.

ಮಹೋತ್ಸವ ನಿಧಿಯಲ್ಲಿ ಉಳಿಯುವ ಹಣದಿಂದ ಸ್ವಾಗತ ಕಮಾನು ಕಟ್ಟಬೇಕೆಂಬ ಮಾತು ಕೇಳಿದೆ. ಕಮಾನು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಖಾಲಿ ಕೋಣೆಗೆ ಮೊದಲು ಎರಡು ಗಟ್ಟಿ ಬೆಂಚು, ಒಂದು ವೈಸ್, ಅರ, ಗರಗಸ, ಕೈ ಡ್ರಿಲ್ಲು, ಕಣ್ಣಿಗೆ ಕನ್ನಡಕ ಬರಲಿ ಎಂದು ಸಮಿತಿಯವರಲ್ಲಿ ವಿನಂತಿ. ಜಪಾನಿನ ದುಬಾರಿ ಕಿಟ್ ಏನೂ ಬೇಡ. ಮುರಿದ ಆಟಿಕೆ, ಕೆಟ್ಟ ಮಿಕ್ಸಿ, ಹಳೆಯ ರೇಡಿಯೋ ಪ್ರತಿ ಮನೆಯ ಅಟ್ಟದ ಮೇಲೂ ಇವೆ. ಅವನ್ನು ಬಿಚ್ಚಲಿ, ಅಳೆಯಲಿ, ಎರಡನ್ನು ಕೂಡಿಸಿ ಮೂರನೆಯದನ್ನು ಮಾಡಲಿ. ಕ್ಯಾಲಿಪರ್‌ಗಳನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ. ತಿಂಗಳಿಗೊಂದು ಶನಿವಾರ ಬಂದು ಕಲಿಸಲು ನಾನು ಸಿದ್ಧನಿದ್ದೇನೆ, ಮುಖ್ಯೋಪಾಧ್ಯಾಯರು ಅಪ್ಪಣೆ ಕೊಡಬೇಕು ಅಷ್ಟೆ.

ಐವತ್ತು ವರ್ಷ ಈ ಶಾಲೆ ನಮಗೆ ಓದು ಬರಹ ಕೊಟ್ಟಿದೆ. ಮುಂದಿನ ಮಕ್ಕಳಿಗೆ ಅದರ ಜೊತೆಗೆ ಒಂದು ಕೆಲಸದ ಮೇಜನ್ನೂ ಕೊಡಲಿ ಎಂದು ಹಾರೈಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.