ಹುಂಜದ ಕೂಗು, ನೆರೆಯವರ ನಿದ್ರೆ ಮತ್ತು ಪಂಚಾಯತಿಯ ಹೊಣೆ

(ಕೊಹಿನೂರಿನಲ್ಲಿ ಗ್ರಾಮ ಪಂಚಾಯತಿ ಸದಸ್ಯರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಗ್ರಾಮಕ್ಕೆ ಹೊಸದಾಗಿ ಬಂದು ನೆಲೆಸಿರುವ ನೌಕರರ ಸಭೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರು ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಚರಂಡಿ, ತೆರಿಗೆ ವಸೂಲಿ ಮುಂತಾದ ವಿಷಯಗಳ ನಡುವೆ ಹುಂಜದ ಕೂಗಿನ ಬಗ್ಗೆ ಮಾತನಾಡಲು ಒಬ್ಬ ಅಧಿಕಾರಿ ಎದ್ದು ನಿಂತರೆ ಸಭೆಯಲ್ಲಿ ನಗು ಮೂಡುವುದು ಸಹಜ. ನಾನೂ ಒಂದು ಕಾಲದಲ್ಲಿ ನಕ್ಕವನೇ. ಆ ನಗುವಿನ ಬೆಲೆಯನ್ನು ನಾನಲ್ಲದೆ ಬೇರೊಬ್ಬರು ತೆರಬೇಕಾಯಿತು. ಆದ್ದರಿಂದ ಮೊದಲು ಆ ಸಂಗತಿಯನ್ನೇ ತಮ್ಮ ಮುಂದಿಡುತ್ತೇನೆ.

ಇಂಜಿನಿಯರಿಂಗ್ ಪದವಿ ಮುಗಿಸಿ ಸೇವೆಗೆ ಸೇರಿದ ಆರಂಭದ ದಿನಗಳವು. ಅಂದು ನಾನು ಬೇರೊಂದು ಗ್ರಾಮ ಪಂಚಾಯತಿಯಲ್ಲಿದ್ದೆ. ಒಬ್ಬ ಯುವಕ ಅರ್ಜಿ ತಂದುಕೊಟ್ಟ. ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಆತನಿಗೆ ಕೆಲಸ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಮನೆಯಲ್ಲಿ ಮೂರು ತಿಂಗಳ ಹಸುಗೂಸು, ಬಾಣಂತಿ ಹೆಂಡತಿ. ಪಕ್ಕದ ಮನೆಯ ಹುಂಜ ನಸುಕಿನ ಮೂರೂವರೆಗೇ ಕೂಗಲಾರಂಭಿಸುತ್ತದೆ, ಮಗು ಬೆಚ್ಚಿ ಎಚ್ಚರಗೊಳ್ಳುತ್ತದೆ, ತಾಯಿಗೆ ನಿದ್ರೆಯಿಲ್ಲದೆ ತಲೆ ಸುತ್ತುತ್ತಿದೆ, ಆದ್ದರಿಂದ ಸೂಕ್ತ ಕ್ರಮ ಜರುಗಿಸಬೇಕೆಂದು ಅರ್ಜಿಯಲ್ಲಿತ್ತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ನಾನು ಸ್ಥಳಕ್ಕೆ ಹೋಗಲಿಲ್ಲ. ಮೇಜಿನ ಮುಂದೆ ಕುಳಿತು, ಏಳು ದಿನಗಳೊಳಗೆ ಹುಂಜವನ್ನು ಸ್ಥಳಾಂತರಿಸತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು ಎಂದು ತಿಳುವಳಿಕೆ ಪತ್ರ ಬರೆದು, ಸಹಿ ಹಾಕಿ, ಜವಾನನ ಕೈಗೆ ಕೊಟ್ಟೆ. ಯಾವ ಕಾನೂನು, ಯಾವ ಕಲಮು ಎಂಬುದನ್ನು ಅದರಲ್ಲಿ ಬರೆದಿರಲಿಲ್ಲ. ಏಕೆಂದರೆ ಅದು ನನಗೇ ಗೊತ್ತಿರಲಿಲ್ಲ.

ಹತ್ತು ದಿನಗಳ ನಂತರ ಚರಂಡಿ ಕಾಮಗಾರಿ ನೋಡಲು ಅದೇ ಓಣಿಗೆ ಹೋದಾಗ ಆ ಮನೆಯ ಹಿರಿಯ ತಾಯಿ ಬಾಗಿಲಲ್ಲಿ ಕುಳಿತಿದ್ದರು. ಗಂಡನಿಲ್ಲದ, ಹೊಲವಿಲ್ಲದ ಒಂಟಿ ಜೀವ. "ಆಯಿ, ಹುಂಜ ಎಲ್ಲಿ?" ಎಂದು ಕೇಳಿದೆ. "ಮಾರಿನ್ರಿ ಸಾಹೇಬ್ರ. ನಿಮ್ಮ ಕಾಗದ ಬಂತಲ್ಲ, ಸಂತಿಗಿ ಒಯ್ದು ಸಿಕ್ಕಷ್ಟಕ್ಕ ಕೊಟ್ಟೆ. ಹ್ಯಾಟಿ ತತ್ತಿ ಇಡ್ತಾವ, ಖರೆ ಇನ್ನ ಮರಿ ಆಗಲ್ವು" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಮಳೆ ಬಾರದಿದ್ದುದನ್ನು ಹೇಳುವಂತೆ ಹೇಳಿದರು.

ಆಗ ನಾನು ಅಂಗಳದೊಳಗೆ ಕಾಲಿಟ್ಟೆ. ಕೋಳಿಯ ಗೂಡು ಎರಡು ಮನೆಗಳ ನಡುವಿನ ಗೋಡೆಗೆ ತಾಗಿಕೊಂಡಿತ್ತು. ಅದರ ಮೇಲೆ ತಗಡು. ತಗಡಿನಿಂದ ಒಂದು ಮೊಳ ಮೇಲಕ್ಕೆ ಆ ಬಾಣಂತಿ ಮಲಗುವ ಕೋಣೆಯ ಕಿಟಕಿ. ಅಂಗಳದ ಇನ್ನೊಂದು ತುದಿಯಲ್ಲಿ, ಸುಮಾರು ನಲವತ್ತು ಅಡಿ ದೂರದಲ್ಲಿ, ಹುಣಸೆ ಮರದ ಬುಡದಲ್ಲಿ ಬೇಕಾದಷ್ಟು ಜಾಗ ಖಾಲಿ ಇತ್ತು. ಗೂಡನ್ನು ಅಲ್ಲಿಗೆ ಸರಿಸಲು ಇಬ್ಬರು ಆಳುಗಳ ಅರ್ಧ ಗಂಟೆಯ ಕೆಲಸ ಸಾಕಾಗುತ್ತಿತ್ತು.

ಮುಂದಿನ ಎರಡು ಸಲ ಆ ತಾಯಿಯ ಹೇಂಟೆಗಳು ಕಾವಿಗೆ ಕುಳಿತರೂ ಮರಿಗಳಾಗಲಿಲ್ಲ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಆದರೆ 21 ದಿನ ಕಾವು ಕೊಟ್ಟರೂ ಆ ಮೊಟ್ಟೆಯಿಂದ ಮರಿ ಹೊರಬರುವುದಿಲ್ಲ. ಮರಿಗಳನ್ನು ಬೆಳೆಸಿ ಹಬ್ಬಕ್ಕೆ ಮಾರಿ ಬರುವ ಹಣವೇ ಅವರ ವರ್ಷದ ಬಟ್ಟೆ, ಔಷಧಿ. ಒಬ್ಬ ತಾಯಿಯ ನಿದ್ರೆಗಾಗಿ ಇನ್ನೊಬ್ಬ ತಾಯಿಯ ಆದಾಯವನ್ನು ನಾನು ಕಿತ್ತುಕೊಂಡಿದ್ದೆ. ಎರಡನ್ನೂ ಉಳಿಸಲು ಸಾಧ್ಯವಿತ್ತು ಎಂಬುದೇ ಇಂದಿಗೂ ನನ್ನನ್ನು ಕಾಡುತ್ತದೆ. ಆ ಕಡತದಲ್ಲಿ ಮಾತ್ರ "ಅರ್ಜಿ ವಿಲೇ" ಎಂದು ನನ್ನ ಸಹಿಯೊಂದಿಗೆ ದಾಖಲಾಗಿದೆ.

ಬಂಧುಗಳೇ, ಇಂತಹ ಅರ್ಜಿಗಳು ಇನ್ನು ಮುಂದೆ ಹೆಚ್ಚುವ ಸಂಭವವಿದೆ. ಕೊಹಿನೂರು ಹೋಬಳಿ ಕೇಂದ್ರ. ಶಿಕ್ಷಕರು, ಆರೋಗ್ಯ ಸಿಬ್ಬಂದಿ, ಬ್ಯಾಂಕ್ ನೌಕರರು ಇಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಹೈದರಾಬಾದ್, ಪುಣೆ, ಮುಂಬೈಗಳಿಗೆ ದುಡಿಯಲು ಹೋದವರು ಮರಳಿ ಬಂದು ಮನೆ ಕಟ್ಟಿಸುತ್ತಾರೆ. ವಾಹನಗಳ ಸದ್ದಿನಲ್ಲಿ ನಿದ್ರಿಸಿ ಅಭ್ಯಾಸವಾದವರಿಗೂ ನಸುಕಿನ ನಿಶ್ಶಬ್ದವನ್ನು ಸೀಳಿ ಬರುವ ಒಂದೇ ಒಂದು ಕೂಗು ಅಸಹನೀಯವೆನಿಸುತ್ತದೆ. ಹಳಬರಿಗೋ ಅದು ಕಿವಿಗೇ ಬೀಳುವುದಿಲ್ಲ. ಇಬ್ಬರದೂ ನಿಜವೇ.

ಹುಂಜ ಏಕೆ ಕೂಗುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಬೆಳಕು ಕಂಡು ಕೂಗುತ್ತದೆ ಎಂಬುದು ನಮ್ಮ ಸಾಮಾನ್ಯ ತಿಳುವಳಿಕೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಶಿಮ್ಮುರಾ ಮತ್ತು ಯೋಶಿಮುರಾ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಿದ್ದಿತು. ಸದಾ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ಬೆಳಗಾಗುವ ಹೊತ್ತನ್ನು ಮುಂಚಿತವಾಗಿಯೇ ಅರಿತು ಕೂಗಿದವು. ಅಂದರೆ ಹಕ್ಕಿಯ ದೇಹದೊಳಗೇ ಒಂದು ಗಡಿಯಾರವಿದೆ. 2015ರಲ್ಲಿ ಅದೇ ವಿಜ್ಞಾನಿಗಳ ತಂಡ ಇನ್ನೊಂದು ಸಂಗತಿಯನ್ನು ತೋರಿಸಿತು: ಗುಂಪಿನಲ್ಲಿ ಮೇಲಿನ ಸ್ಥಾನದ ಹುಂಜ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ಸ್ಥಾನಕ್ಕನುಗುಣವಾಗಿ ಅದನ್ನು ಹಿಂಬಾಲಿಸುತ್ತವೆ. ಇದರಿಂದ ನಮಗೆ ಎರಡು ಪಾಠಗಳಿವೆ. ಒಂದು, ಗೂಡನ್ನು ಕತ್ತಲುಗೊಳಿಸಿದ ಮಾತ್ರಕ್ಕೆ ಕೂಗು ಪೂರ್ತಿ ನಿಲ್ಲುವುದಿಲ್ಲ. ಎರಡು, ಒಂದು ಅಂಗಳದಲ್ಲಿ ನಾಲ್ಕು ಹುಂಜಗಳಿದ್ದರೆ ಕೂಗುವ ಸರದಿಯೂ ನಾಲ್ಕಾಗುತ್ತದೆ.

ಮರಿ ಮಾಡಿಸಲು ಸುಮಾರು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಆರು ಹೇಂಟೆಗಳ ಮನೆಯಲ್ಲಿ ಮೂರು ಹುಂಜಗಳಿದ್ದರೆ ಎರಡು ಕಾಳು ತಿಂದು ಜಗಳವಾಡುವುದಕ್ಕಷ್ಟೇ ಇರುತ್ತವೆ. ಬಲಿತ ಹುಂಜವನ್ನು ಸಕಾಲದಲ್ಲಿ ಮಾರಿದರೆ ಮನೆಗೂ ಲಾಭ, ನೆರೆಗೂ ನೆಮ್ಮದಿ.

ಇನ್ನು ಕಾನೂನು. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿಯಿದೆ. ಹುಂಜವು ಸಮೀಪದಲ್ಲಿ ಕೂಗಿದರೆ ಇದನ್ನು ಮೀರುವುದರಲ್ಲಿ ಸಂಶಯವಿಲ್ಲ. ಆದರೆ ಆ ನಿಯಮಗಳ ಮುಖ್ಯ ಗುರಿ ಧ್ವನಿವರ್ಧಕ, ಹಾರ್ನ್, ಪಟಾಕಿ, ಯಂತ್ರಗಳು. ಹುಂಜದ ಹೆಸರು ಅವುಗಳಲ್ಲಿಲ್ಲ. ಮಧ್ಯರಾತ್ರಿಯವರೆಗೆ ಡಿ.ಜೆ. ಬಾರಿಸಿದಾಗ ಮೌನವಾಗಿರುವ ಪಂಚಾಯತಿಯು ನಸುಕಿನ ಹುಂಜಕ್ಕೆ ನೋಟಿಸು ಕೊಟ್ಟರೆ ಜನ ನಗದೆ ಇನ್ನೇನು ಮಾಡಿಯಾರು?

ಸಾರ್ವಜನಿಕ ಉಪದ್ರವವನ್ನು ಭಾರತೀಯ ನ್ಯಾಯ ಸಂಹಿತೆಯ 270ನೇ ಪ್ರಕರಣ ನಿರೂಪಿಸುತ್ತದೆ. ಉಪದ್ರವ ನಿವಾರಣೆಗೆ ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಕೊಟ್ಟಿದೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿ ದಂಡಾಧಿಕಾರಿಯಲ್ಲ ಎಂಬುದನ್ನು ನನ್ನ ಸಹೋದ್ಯೋಗಿಗಳು ದಯವಿಟ್ಟು ನೆನಪಿಡಬೇಕು. ಅಷ್ಟೇ ಅಲ್ಲ, ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣ ಹಾಗೂ ಒಂದನೇ ಅನುಸೂಚಿಯಂತೆ ಕೋಳಿ ಸಾಕಾಣಿಕೆಯನ್ನು ಪ್ರೋತ್ಸಾಹಿಸುವುದು ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಒಂದು. ಒಂದು ಕೈಯಿಂದ ಕೋಳಿ ಸಾಕಿರಿ ಎಂದು ಹೇಳಿ ಇನ್ನೊಂದು ಕೈಯಿಂದ ಹುಂಜವನ್ನು ಓಡಿಸಲು ಬರುವುದಿಲ್ಲ.

ಸಿಟ್ಟಿನಿಂದ ನೆರೆಯವರ ಕೋಳಿಗೆ ವಿಷವಿಡುವುದು, ಕಲ್ಲು ಹೊಡೆದು ಕೊಲ್ಲುವುದು ಮಾತ್ರ ಸ್ಪಷ್ಟ ಅಪರಾಧ. ನ್ಯಾಯ ಸಂಹಿತೆಯ 325ನೇ ಪ್ರಕರಣ ಅದಕ್ಕೆ ಕಾರಾಗೃಹ ವಾಸವನ್ನು ವಿಧಿಸುತ್ತದೆ. ಅಂತಹ ಆಲೋಚನೆ ಯಾರ ಮನಸ್ಸಿಗೂ ಬಾರದಿರಲಿ.

ಇಂತಹ ತಂಟೆ ನಮ್ಮಲ್ಲಿ ಮಾತ್ರ ಇಲ್ಲ. ಕೇರಳದ ಪತ್ತನಂತಿಟ್ಟ ಜಿಲ್ಲೆಯ ಅಡೂರು ಬಳಿಯ ಪಳ್ಳಿಕ್ಕಲ್ ಗ್ರಾಮದಲ್ಲಿ ಬೆಳಗಿನ ಜಾವ ಮೂರು ಗಂಟೆಗೇ ಕೂಗುವ ನೆರೆಮನೆಯ ಹುಂಜದ ವಿರುದ್ಧ ವೃದ್ಧರೊಬ್ಬರು ದೂರು ಕೊಟ್ಟರು. ಅಡೂರಿನ ಕಂದಾಯ ವಿಭಾಗಾಧಿಕಾರಿಯವರು ಎರಡೂ ಕಡೆಯವರ ಅಹವಾಲು ಕೇಳಿ, ಸ್ಥಳ ಪರಿಶೀಲನೆ ನಡೆಸಿದರು. ಕೋಳಿಗಳನ್ನು ಮನೆಯ ಮೇಲಿನ ಅಂತಸ್ತಿನಲ್ಲಿ ಸಾಕಲಾಗಿತ್ತು. 14 ದಿನಗಳೊಳಗೆ ಗೂಡನ್ನು ಅದೇ ನಿವೇಶನದ ದಕ್ಷಿಣ ಬದಿಗೆ ಸ್ಥಳಾಂತರಿಸುವಂತೆ 2025ರ ಫೆಬ್ರವರಿಯಲ್ಲಿ ಆದೇಶವಾಯಿತು. ಹುಂಜವನ್ನು ಮಾರಿರಿ ಎಂದು ಅವರು ಹೇಳಲಿಲ್ಲ, ಗೂಡನ್ನು ಸರಿಸಿರಿ ಎಂದರು. ನಾನು ಮಾಡದೆ ಬಿಟ್ಟ ಕೆಲಸವೇ ಅದು.

ಫ್ರಾನ್ಸಿನ ಓಲೆರಾನ್ ದ್ವೀಪದ ಮೋರಿಸ್ ಎಂಬ ಹುಂಜದ ವ್ಯಾಜ್ಯವಂತೂ ಲೋಕಪ್ರಸಿದ್ಧವಾಯಿತು. ರಜೆಯ ದಿನಗಳನ್ನು ಕಳೆಯಲು ಅಲ್ಲಿ ಮನೆ ಮಾಡಿಕೊಂಡಿದ್ದ ದಂಪತಿಗಳು ಅದರ ಕೂಗಿನ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2019ರ ಸೆಪ್ಟೆಂಬರಿನಲ್ಲಿ ರೋಶ್‌ಫೋರ್ ನ್ಯಾಯಾಲಯವು ಹುಂಜದ ಪರವಾಗಿ ತೀರ್ಪಿತ್ತು, ದೂರುದಾರರೇ 1,000 ಯೂರೊ ಪರಿಹಾರ ತೆರುವಂತೆ ಆದೇಶಿಸಿತು. 2021ರ ಜನವರಿಯಲ್ಲಿ ಗ್ರಾಮೀಣ ಪ್ರದೇಶದ ಸದ್ದು, ವಾಸನೆಗಳನ್ನು ಪರಂಪರೆಯ ಭಾಗವೆಂದು ಗುರುತಿಸುವ ಕಾನೂನನ್ನೇ ಆ ದೇಶ ಮಾಡಿತು. ಹೀಗೆ ಕೇರಳದಲ್ಲಿ ದೂರುದಾರರಿಗೆ ನ್ಯಾಯ ದೊರೆಯಿತು, ಫ್ರಾನ್ಸಿನಲ್ಲಿ ಹುಂಜಕ್ಕೆ. ಎರಡೂ ಕಡೆ ಸ್ಥಳದ ಸ್ಥಿತಿ ನೋಡಿಯೇ ನಿರ್ಣಯವಾಯಿತೇ ಹೊರತು ಹೊಸಬರು, ಹಳಬರು ಎಂಬ ಭೇದದಿಂದಲ್ಲ ಎಂದು ನಾನು ಭಾವಿಸುತ್ತೇನೆ.

ನಾನು ಓದಿದ ವಿದ್ಯೆಯ ಒಂದು ಸಣ್ಣ ಲೆಕ್ಕವನ್ನು ಇಲ್ಲಿ ಹೇಳಲು ಅನುಮತಿ ಕೋರುತ್ತೇನೆ. ತೆರೆದ ಬಯಲಿನಲ್ಲಿ ಸದ್ದಿನ ಮೂಲದಿಂದ ನಮ್ಮ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕಿಟಕಿಯಿಂದ ಒಂದೂವರೆ ಮೀಟರ್ ದೂರದಲ್ಲಿದ್ದ ಗೂಡನ್ನು ಮೂರು ಮೀಟರಿಗೆ ಸರಿಸಿದರೆ 6, ಆರಕ್ಕೆ ಸರಿಸಿದರೆ 12, ಹನ್ನೆರಡಕ್ಕೆ ಸರಿಸಿದರೆ 18 ಡೆಸಿಬಲ್ ಕಡಿಮೆ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ತೋರುತ್ತದೆ. ಅಂದರೆ 18 ಇಳಿದಾಗ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹನ್ನೆರಡು ಮೀಟರ್ ಎಂದರೆ ನಲವತ್ತು ಅಡಿ. ಆ ಹುಣಸೆ ಮರದ ಬುಡ ಅಷ್ಟೇ ದೂರದಲ್ಲಿತ್ತು.

ಇದರ ಆಧಾರದ ಮೇಲೆ ಕೆಲವು ಸಲಹೆಗಳು.

ಕೋಳಿ ಸಾಕುವವರಿಗೆ: ಗೂಡನ್ನು ನೆರೆಯವರ ಮಲಗುವ ಕೋಣೆಯ ಕಿಟಕಿಯಿಂದ ಅಂಗಳ ಅನುಮತಿಸುವಷ್ಟು ದೂರವಿಡಿ. ನಡುವೆ ಮಣ್ಣಿನ ಗೋಡೆಯೋ ಮೇವಿನ ಬಣವೆಯೋ ಬಂದರೆ ಇನ್ನೂ ಒಳ್ಳೆಯದು. ಹುಂಜವು ಮಾಳಿಗೆ ಅಥವಾ ತಗಡಿನ ಮೇಲೆ ಏರಿ ಕೂಗಿದರೆ ಸದ್ದು ಇಡೀ ಓಣಿಗೆ ಹರಡುತ್ತದೆ. ಆದ್ದರಿಂದ ರಾತ್ರಿ ಗೂಡಿನೊಳಗೆ ಹಾಕಿ, ಬೆಳಗಾದ ಮೇಲೆ ಬಿಡಿ. ನಮ್ಮ ಬೀದರ ಜಿಲ್ಲೆಯ ಬೇಸಿಗೆಯಲ್ಲಿ ಗಾಳಿಯಾಡದ ಗೂಡು ಹಕ್ಕಿಯ ಪ್ರಾಣಕ್ಕೇ ಕುತ್ತು. ಸದ್ದು ತಡೆಯಲೆಂದು ಎಲ್ಲ ಕಡೆ ಮುಚ್ಚಬೇಡಿ. ಕುತ್ತಿಗೆಗೆ ದಾರವನ್ನೋ ಪಟ್ಟಿಯನ್ನೋ ಕಟ್ಟಿ ಕೂಗು ನಿಲ್ಲಿಸುವ ಪ್ರಯತ್ನ ಬೇಡವೇ ಬೇಡ, ಅದು ಹಿಂಸೆ.

ಹೊಸದಾಗಿ ಬರುವವರಿಗೆ: ಬಾಡಿಗೆ ಗೊತ್ತುಮಾಡುವ ಮೊದಲು ಹಗಲಿನಲ್ಲಿ ನೀರು, ಬೆಳಕು ನೋಡುವಂತೆ ಒಮ್ಮೆ ನಸುಕಿನಲ್ಲೂ ಬಂದು ಓಣಿಯನ್ನು ಕೇಳಿಸಿಕೊಳ್ಳಿ. ಮಲಗುವ ಕೋಣೆಯನ್ನು ಕೋಳಿಗೂಡಿಲ್ಲದ ಬದಿಗೆ ಮಾಡಿಕೊಳ್ಳಿ. ಆ ಬದಿಯ ಕಿಟಕಿಗೆ ದಪ್ಪ ಪರದೆ, ಕಿವಿಗೆ ಹತ್ತಿ ಇವೆಲ್ಲ ಸಣ್ಣ ಉಪಾಯಗಳಾದರೂ ಉಪಯುಕ್ತ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಬರೆಯುವ ಮೊದಲು ನೆರೆಮನೆಗೆ ಒಮ್ಮೆ ಹೋಗಿ ಕುಳಿತು ಮಾತನಾಡಿ. ನಿಮ್ಮ ಮಗುವಿಗೆ ನಿದ್ರೆಯಿಲ್ಲ ಎಂದು ತಿಳಿದ ಮೇಲೆ ಗೂಡು ಸರಿಸಲು ಒಪ್ಪದ ತಾಯಿಯನ್ನು ನಾನು ಈ ಭಾಗದಲ್ಲಿ ಇನ್ನೂ ಕಂಡಿಲ್ಲ.

ಪಂಚಾಯತಿಯವರಾದ ನಮಗೆ: ಅರ್ಜಿ ಬಂದರೆ ನೋಟಿಸಿಗಿಂತ ಮೊದಲು ಸ್ಥಳ ಪರಿಶೀಲನೆ, ಅದೂ ನಸುಕಿನಲ್ಲಿ. ವಾರ್ಡಿನ ಸದಸ್ಯರನ್ನು ಜೊತೆಗೆ ಕರೆದುಕೊಂಡು ಎರಡೂ ಮನೆಯವರನ್ನು ಕೂಡಿಸಿ ಮಾತನಾಡಿಸಬೇಕು. ಗೂಡು ಸರಿಸುವ ಖರ್ಚು ಯಾರದೆಂದು ಅಲ್ಲೇ ತೀರ್ಮಾನವಾಗಲಿ. ಬಡವರ ಮೇಲೆ ಅದು ಬೀಳದಿರಲಿ. ಅರ್ಹ ಕುಟುಂಬಗಳಿಗೆ ವೈಯಕ್ತಿಕ ಕಾಮಗಾರಿಯಾಗಿ ಕೋಳಿ ಶೆಡ್ ಕೊಡುವಾಗ ಸ್ಥಳ ಗುರುತಿಸುವ ದಿನವೇ ನೆರೆಮನೆಯ ಕಿಟಕಿ ಯಾವ ಕಡೆಗಿದೆ ಎಂದು ನೋಡಿದರೆ ಮುಂದಿನ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ. ಇಷ್ಟಾದರೂ ಬಗೆಹರಿಯದೆ, ಹಲವು ಮನೆಗಳಿಗೆ ತೊಂದರೆಯಿದ್ದರೆ ಮಾತ್ರ ದಂಡಾಧಿಕಾರಿಗಳ ಹಾದಿ ಇದ್ದೇ ಇದೆ.

ನಾವೆಲ್ಲ ಬಾಲ್ಯದಲ್ಲಿ ಕೇಳಿದ ಕಥೆಯೊಂದಿದೆ. ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದೆಂದು ನಂಬಿದ ಮುದುಕಿ ಸಿಟ್ಟಿನಿಂದ ಕೋಳಿಯನ್ನು ಬಗಲಲ್ಲಿಟ್ಟುಕೊಂಡು ಊರು ಬಿಟ್ಟಳು; ಮರುದಿನವೂ ಊರಿಗೆ ಬೆಳಗಾಯಿತು. ಆ ಕಥೆ ಕೇಳಿ ಮುದುಕಿಯ ಜಂಬಕ್ಕೆ ನಾವು ನಕ್ಕಿದ್ದೇವೆ. ಆ ಹಿರಿಯ ತಾಯಿಯ ಬಾಗಿಲಲ್ಲಿ ನಿಂತ ದಿನ ನನಗೆ ಬೇರೆಯೇ ಹೊಳೆಯಿತು. ನನ್ನ ಸಹಿ ಬಿದ್ದರೇನೇ ಊರಿನ ಸಮಸ್ಯೆ ತೀರುವುದೆಂದು ನಂಬಿದ್ದ ನನ್ನ ಜಂಬ ಆ ಮುದುಕಿಯ ಜಂಬಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಈ ಪಂಚಾಯತಿಗೆ ಬಂದ ಮೇಲೆ ನಾನು ಒಂದು ನಿಯಮವನ್ನು ಇಟ್ಟುಕೊಂಡಿದ್ದೇನೆ. ನೆರೆಹೊರೆಯವರ ತಕರಾರಿನ ಅರ್ಜಿಯ ಮೇಲೆ, ಎರಡೂ ಅಂಗಳಗಳಲ್ಲಿ ನಿಂತು ನೋಡುವವರೆಗೆ "ವಿಲೇ" ಎಂದು ಬರೆಯುವುದಿಲ್ಲ. ತಾವೂ ಸಹಕರಿಸಬೇಕೆಂದು ವಿನಂತಿಸುತ್ತೇನೆ.