ದಿವಾನರ ಕಚೇರಿಯಿಂದ ಮಾನಸಗಂಗೋತ್ರಿಗೆ: ಸರ್ದಾರ್ ಕೆ.ಎಂ. ಪಣಿಕ್ಕರ್



ಸರ್ಕಾರಿ ಕೆಲಸದಲ್ಲಿದ್ದುಕೊಂಡು ಸಾಹಿತ್ಯ ರಚಿಸಿದವರೊಬ್ಬರ ಬಗ್ಗೆ ಮಾತನಾಡಬೇಕು ಎಂದು ಈ ದತ್ತಿಯ ಸಂಚಾಲಕರು ಕೇಳಿದಾಗ ಅವರ ಮನಸ್ಸಿನಲ್ಲಿ ಮಾಸ್ತಿಯವರೋ ನವರತ್ನ ರಾಮರಾಯರೋ ಇದ್ದಿರಬೇಕು. ಆ ಇಬ್ಬರ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ನಾನು ಆರಿಸಿಕೊಂಡವರು ಮಲಯಾಳಿ. ಸಂಸ್ಥಾನದ ದಿವಾನರು, ಮೂರು ದೇಶಗಳಲ್ಲಿ ರಾಯಭಾರಿ, ರಾಜ್ಯಸಭಾ ಸದಸ್ಯರು, ಇತಿಹಾಸಕಾರರು, ಕಾದಂಬರಿಕಾರರು, ಕವಿ. 1963ರ ಡಿಸೆಂಬರ್ 10ರಂದು ತೀರಿಕೊಂಡಾಗ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಕೆಲವೇ ವರ್ಷಗಳ ಹಿಂದೆ ಕುವೆಂಪು ಕುಳಿತಿದ್ದ ಪೀಠ ಅದು. ಆದರೂ ಕಾವಾಲಂ ಮಾಧವ ಪಣಿಕ್ಕರ್ ಎಂದರೆ ನಮ್ಮಲ್ಲಿ ಇತಿಹಾಸದ ವಿದ್ಯಾರ್ಥಿಗಳನ್ನು ಬಿಟ್ಟರೆ ಉಳಿದವರು 'ಯಾರು?' ಎಂದು ಕೇಳುತ್ತಾರೆ. ನೆನಪಿಟ್ಟುಕೊಂಡವರೂ ಅಷ್ಟೇನೂ ಪ್ರೀತಿಯಿಂದ ನೆನೆಯುವುದಿಲ್ಲ. ಅದಕ್ಕೆ ಕಾರಣ ಕಾಸರಗೋಡು. ಆ ಮಾತಿಗೆ ಆಮೇಲೆ ಬರುತ್ತೇನೆ.

ಹುಟ್ಟಿದ್ದು 1895ರ ಜೂನ್ 3, ತಿರುವಾಂಕೂರು ಸಂಸ್ಥಾನದ ಕುಟ್ಟನಾಡಿನಲ್ಲಿ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ, ಮನೆಯಿಂದ ಮನೆಗೆ ದೋಣಿಯಲ್ಲಿ ಹೋಗುವ ಸೀಮೆ ಅದು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ, ಮುಂದೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್‌ನಲ್ಲಿ ಓದು. ತಿರುಗಿ ಬಂದವರು ಅಲೀಗಢದಲ್ಲಿ ಪಾಠ ಹೇಳಿದರು, ಅದನ್ನು ಬಿಟ್ಟು ಪತ್ರಿಕೋದ್ಯಮಕ್ಕೆ ಇಳಿದರು. 1924ರಲ್ಲಿ ಅಕಾಲಿ ಚಳವಳಿ ಕಾವೇರಿದ್ದಾಗ ಕಾಂಗ್ರೆಸ್ಸಿನ ಪರವಾಗಿ ಅಮೃತಸರದಲ್ಲಿ ಕೆಲಸ ಮಾಡಿದರು. ಅದೇ ವರ್ಷ ಆರಂಭವಾದ 'ಹಿಂದೂಸ್ತಾನ್ ಟೈಮ್ಸ್' ಪತ್ರಿಕೆಯ ಮೊದಮೊದಲ ಸಂಪಾದಕರಲ್ಲಿ ಅವರೂ ಒಬ್ಬರು.

ಇಲ್ಲಿಂದ ಅವರ ಹಾದಿ ಇದ್ದಕ್ಕಿದ್ದ ಹಾಗೆ ಹೊರಳುತ್ತದೆ. ಗಾಂಧೀಜಿಯ ಪಾಳಯದಲ್ಲಿದ್ದ ಮನುಷ್ಯ ಮಹಾರಾಜರ ಚಾಕರಿಗೆ ಸೇರುತ್ತಾರೆ! ರಾಜರ ಸಂಘಟನೆಯಾದ ನರೇಂದ್ರ ಮಂಡಲದ ಕಾರ್ಯಾಲಯ, ಪಟಿಯಾಲ, ಬಿಕಾನೇರ್. 1930ರ ದುಂಡುಮೇಜಿನ ಪರಿಷತ್ತಿಗೆ ದೇಶೀ ಸಂಸ್ಥಾನಗಳ ನಿಯೋಗದ ಕಾರ್ಯದರ್ಶಿ. ಸಾಲದ್ದಕ್ಕೆ ಕಾಶ್ಮೀರದ ಗುಲಾಬ್ ಸಿಂಗ್, ಬಿಕಾನೇರಿನ ಗಂಗಾ ಸಿಂಗ್ ಇವರ ಜೀವನಚರಿತ್ರೆಗಳನ್ನೂ ಬರೆದರು. ಸಮಯಸಾಧಕ ಎಂಬ ಹೆಸರು ಅವರಿಗೆ ಅಂಟಿದ್ದು ಆಗಲೇ. ನನ್ನನ್ನು ಕೇಳಿದರೆ, ಆ ಮಾತಿನಲ್ಲಿ ಅರ್ಧ ನಿಜವಿದೆ. ಯಾವ ಧಣಿಯ ಹತ್ತಿರ ಇದ್ದರೂ ಆ ಧಣಿಯ ಪರವಾಗಿ ಇತಿಹಾಸದಿಂದ ಒಂದು ಒಳ್ಳೆಯ ವಾದವನ್ನು ಹುಡುಕಿ ತರುವ ಚಾತುರ್ಯ ಅವರಿಗಿತ್ತು. ಉಳಿದರ್ಧ 1947ರಲ್ಲಿ ಗೊತ್ತಾಯಿತು. ಅನೇಕ ರಾಜರು ಸಂವಿಧಾನ ಸಭೆಯಿಂದ ದೂರ ಉಳಿಯುವ ಲೆಕ್ಕಾಚಾರದಲ್ಲಿದ್ದಾಗ ಬಿಕಾನೇರ್ ಮುಂದೆ ಬಂದು ಸೇರಿಕೊಂಡಿತು. ಏಪ್ರಿಲ್ ಕೊನೆಗೆ ಬರೋಡ, ಕೊಚ್ಚಿ, ಪಟಿಯಾಲಗಳ ಪ್ರತಿನಿಧಿಗಳ ಜೊತೆ ಬಿಕಾನೇರಿನ ಪ್ರತಿನಿಧಿಯೂ ಸಭೆಯಲ್ಲಿ ಕುಳಿತದ್ದಾಯಿತು. ಮಹಾರಾಜ ಸಾದುಲ್ ಸಿಂಗರ ದಿವಾನರು ಆಗ ಪಣಿಕ್ಕರ್. ಸಂಸ್ಥಾನಗಳ ಕಾಲ ಮುಗಿಯಿತು ಎಂಬುದನ್ನು ಸಂಸ್ಥಾನದ ಒಳಗೇ ಕುಳಿತು ಬೇಗ ಕಂಡುಕೊಂಡವರಲ್ಲಿ ಅವರೊಬ್ಬರು.

ಈ ಗಡಿಬಿಡಿಯ ನಡುವೆ ಬರವಣಿಗೆ ನಿಂತದ್ದೇ ಇಲ್ಲ. ಇತಿಹಾಸ, ರಾಜಕಾರಣ ಇಂಗ್ಲಿಷಿನಲ್ಲಿ. ಕಾವ್ಯ, ನಾಟಕ, ಕಾದಂಬರಿ ಮಲಯಾಳದಲ್ಲಿ. ಉಮರ್ ಖಯ್ಯಾಮನ ರುಬಾಯಿಗಳನ್ನು ಅವರು ಮಲಯಾಳಕ್ಕೆ ತಂದರು. ನಮ್ಮಲ್ಲಿ ಆ ಕೆಲಸ ಮಾಡಿದ ಡಿವಿಜಿಯವರೂ ಪತ್ರಕರ್ತರೇ, ಶಾಸನಸಭೆ ಕಂಡವರೇ. ರಾಜಕಾರಣದ ನಡುವೆ ಓಡಾಡುತ್ತಿದ್ದ ಇಬ್ಬರಿಗೂ ಖಯ್ಯಾಮನೇ ಬೇಕಾದದ್ದು ಏಕೋ! ಕವಿಯಾಗಿ ಪಣಿಕ್ಕರ್ ಹಳೆಯ ದಾರಿಯವರು. ಸಂಸ್ಕೃತದ ಸಂಸ್ಕಾರ, ಛಂದಸ್ಸಿನ ಹಿಡಿತ, ಪಾಂಡಿತ್ಯ ಎಲ್ಲವೂ ಅವರಿಗಿದ್ದವು. ಆದರೆ ವಳ್ಳತ್ತೋಳ್, ಆಶಾನ್ ಅವರ ಸಾಲಿನಲ್ಲಿ ಅವರನ್ನು ಕೂರಿಸಿದರೆ ಮಲಯಾಳಿಗಳೇ ಒಪ್ಪಲಾರರು. ಅವರ ಕೈ ನಿಜವಾಗಿ ಪಳಗಿದ್ದು ಐತಿಹಾಸಿಕ ಕಾದಂಬರಿಯಲ್ಲಿ. 1941ರ 'ಕೇರಳಸಿಂಹಂ' ಪಳಶ್ಶಿ ರಾಜನ ಕಥೆ. ವಯನಾಡಿನ ಕಾಡಿನಲ್ಲಿ ನಿಂತು ಕಂಪನಿಯನ್ನು ಎದುರಿಸಿ 1805ರಲ್ಲಿ ಬಿದ್ದ ರಾಜ ಅವನು. ಅವನ ಮೇಲೆ ಕಾರ್ಯಾಚರಣೆ ನಡೆಸಿದ ಆರ್ಥರ್ ವೆಲ್ಲೆಸ್ಲಿಯ ಠಾಣೆ ಇದ್ದದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ಹಾಗಾಗಿ ಅದು ಮೈಸೂರು ಸೀಮೆಯವರಿಗೂ ದೂರದ ಕಥೆಯಲ್ಲ. ಗಮನಿಸಬೇಕಾದ್ದು ಇನ್ನೊಂದಿದೆ. ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನದ ಮಂತ್ರಿಯೊಬ್ಬ ಬ್ರಿಟಿಷರ ವಿರುದ್ಧ ಕತ್ತಿ ಹಿರಿದವನ ಮೇಲೆ ಕಾದಂಬರಿ ಬರೆಯುತ್ತಾನೆ! ಕಚೇರಿಯಲ್ಲಿ ಹೇಳಲಾಗದ್ದನ್ನು ಅವರು ತಾಯ್ನುಡಿಯಲ್ಲಿ ಹೇಳಿಕೊಂಡರು ಎಂದೇ ನನ್ನ ಎಣಿಕೆ. ಐಕ್ಯ ಕೇರಳ ಹುಟ್ಟುವ ಹೊತ್ತಿಗೆ, 1956ರಲ್ಲಿ, ಕೇರಳ ಸಾಹಿತ್ಯ ಅಕಾಡೆಮಿ ಆರಂಭವಾದಾಗ ಅದರ ಮೊದಲ ಅಧ್ಯಕ್ಷರು ಅವರೇ.

ಈಗ ಪೀಕಿಂಗಿಗೆ ಹೋಗೋಣ. 1948ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೋದವರು ಚಿಯಾಂಗ್ ಕೈಶೆಕ್ ಸರ್ಕಾರ ಕುಸಿಯುವುದನ್ನು ಕಣ್ಣಾರೆ ಕಂಡರು. ಭಾರತ ಹೊಸ ಸರ್ಕಾರವನ್ನು ಮಾನ್ಯ ಮಾಡಿದ ಮೇಲೆ, 1950ರ ಮೇ ತಿಂಗಳಲ್ಲಿ, ಮಾವೋಗೆ ಅಧಿಕಾರಪತ್ರ ಒಪ್ಪಿಸಿದರು. ಅದೇ ವರ್ಷ ಅಕ್ಟೋಬರ್ 2 ಕಳೆದ ನಡುರಾತ್ರಿ ಮನೆಯ ಆಳು ಅವರನ್ನು ಎಬ್ಬಿಸಿದ. ಚೀನಾದ ವಿದೇಶಾಂಗ ಇಲಾಖೆಯ ಅಧಿಕಾರಿ ಕೆಳಗೆ ಕಾದಿದ್ದರು. ಪ್ರಧಾನಿ ಈಗಲೇ ನೋಡಬೇಕಂತೆ ಎಂಬುದು ಸಂದೇಶ. ರಾತ್ರಿ ಹನ್ನೆರಡೂವರೆಗೆ ಚೌ ಎನ್‌ಲಾಯ್ ಅವರ ಮನೆ. ಅಷ್ಟು ಗಂಭೀರವಾದ ಹೊತ್ತಿನಲ್ಲೂ ಚೌ ಅವರ ಸೌಜನ್ಯ ಎಳ್ಳಷ್ಟೂ ಕದಲಲಿಲ್ಲ ಎಂದು ಪಣಿಕ್ಕರ್ ಬರೆದುಕೊಂಡಿದ್ದಾರೆ. ವಿಷಯ ಇಷ್ಟು: ಕೊರಿಯಾದಲ್ಲಿ ಅಮೆರಿಕದ ಸೇನೆ 38ನೆಯ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ. ದಕ್ಷಿಣ ಕೊರಿಯಾದವರು ಮಾತ್ರ ದಾಟಿದರೆ ಚಿಂತೆಯಿಲ್ಲ. ಒಂದೂವರೆ ಗಂಟೆಗೆ ರಾಯಭಾರಿ ಮನೆಗೆ ಬಂದರು. ಸಂಕೇತಲಿಪಿಯ ಗುಮಾಸ್ತ ಕಾದು ಕುಳಿತಿದ್ದ. ಆ ರಾತ್ರಿಯೇ ದೆಹಲಿಗೆ ತಂತಿ ಹೋಯಿತು, ದೆಹಲಿಯಿಂದ ಲಂಡನ್ನು, ವಾಷಿಂಗ್ಟನ್ನಿಗೆ.

ವಾಷಿಂಗ್ಟನ್ ನಂಬಲಿಲ್ಲ. ಸುದ್ದಿ ತಂದವನು ಪಣಿಕ್ಕರ್, ಅವನು ಕಮ್ಯುನಿಸ್ಟರ ಕಡೆಯವನು ಎಂಬ ಭಾವನೆ ಅಲ್ಲಿ ಗಟ್ಟಿಯಾಗಿತ್ತು. ಅಮೆರಿಕದ ಸೇನೆ ಗೆರೆ ದಾಟಿತು. ಅಕ್ಟೋಬರ್ ಮುಗಿಯುವ ಮೊದಲೇ ಚೀನೀ ಸೈನ್ಯ ಯಾಲು ನದಿ ದಾಟಿ ಬಂತು. ಕೊರಿಯಾದ ಯುದ್ಧ ನಿಂತದ್ದು 1953ರ ಜುಲೈನಲ್ಲಿ.

ಈ ಘಟನೆಯನ್ನು ಹೇಳಿ ಚಪ್ಪಾಳೆ ಗಿಟ್ಟಿಸಿ ಮುಂದೆ ಹೋಗಿಬಿಡಬಹುದು. ಆದರೆ ಅದೇ ಅಕ್ಟೋಬರಿನಲ್ಲೇ ಚೀನೀ ಸೇನೆ ಟಿಬೆಟ್ಟಿಗೂ ನುಗ್ಗಿತು. ಇದನ್ನು ನಮ್ಮ ರಾಯಭಾರಿ ಮುಂಗಾಣಲಿಲ್ಲ. ನುಗ್ಗಿದ ಮೇಲೂ ಚೀನಾದ ನಡೆಗೆ ಸಮಾಧಾನ ಹುಡುಕಿದರು ಎಂಬುದು ಸರ್ದಾರ್ ಪಟೇಲರ ಆಕ್ಷೇಪ. ತೀರಿಕೊಳ್ಳುವ ಐದು ವಾರ ಮೊದಲು, ನವೆಂಬರ್ 7ರಂದು, ನೆಹರೂ ಅವರಿಗೆ ಪಟೇಲರು ಬರೆದ ದೀರ್ಘ ಪತ್ರದಲ್ಲಿ ಇದು ಖಾರವಾಗಿಯೇ ಬಂದಿದೆ. ಪಟೇಲರು ಹೇಳಿದ್ದು ಸರಿ ಎಂದು ನನಗನ್ನಿಸುತ್ತದೆ. ಪಣಿಕ್ಕರ್ ಅವರ ಇತಿಹಾಸ ದೃಷ್ಟಿಯೇ ಅವರಿಗೆ ಇಲ್ಲಿ ಅಡ್ಡ ಬಂತು. 1945ರ 'ಇಂಡಿಯಾ ಅಂಡ್ ದಿ ಇಂಡಿಯನ್ ಓಷನ್' ನೌಕಾಬಲವಿಲ್ಲದ ಭಾರತ ಸ್ವತಂತ್ರವಾಗಿ ಉಳಿಯದು ಎಂದು ಸಾರಿದ ಪುಸ್ತಕ. 1953ರ 'ಏಷ್ಯಾ ಅಂಡ್ ವೆಸ್ಟರ್ನ್ ಡಾಮಿನೆನ್ಸ್' 1498ರಿಂದ 1945ರವರೆಗಿನ ಕಾಲವನ್ನು ವಾಸ್ಕೊ ಡ ಗಾಮನ ಯುಗ ಎಂದು ಕರೆದು, ಅದು ಮುಗಿಯಿತು ಎಂದು ಘೋಷಿಸಿತು. ದೊಡ್ಡ ಪುಸ್ತಕ, ಸಂಶಯವಿಲ್ಲ. ಆದರೆ ಅಪಾಯ ಎಂದರೆ ಪಶ್ಚಿಮದಿಂದ, ಹಡಗಿನಲ್ಲಿ ಬರುವಂಥದ್ದು ಎಂದು ಮನಸ್ಸು ಒಗ್ಗಿಹೋದವರಿಗೆ ಏಷ್ಯಾದ ನೆರೆಯವನು ಹಿಮಾಲಯದ ಕಡೆಯಿಂದ ಬಂದಾನು ಎಂದು ಹೊಳೆಯುವುದು ಕಷ್ಟ.

ಇನ್ನು ಕಾಸರಗೋಡು. ಈಜಿಪ್ಟಿನಲ್ಲಿ ರಾಯಭಾರಿಯಾಗಿದ್ದವರನ್ನು ಕರೆಸಿ ರಾಜ್ಯ ಪುನರ್ವಿಂಗಡಣಾ ಆಯೋಗದ ಸದಸ್ಯರನ್ನಾಗಿ ಮಾಡಿದರು. ಫಜಲ್ ಅಲಿ ಅಧ್ಯಕ್ಷರು, ಹೃದಯನಾಥ ಕುಂಜ್ರು ಇನ್ನೊಬ್ಬ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ಬಂದ ಆ ವರದಿಯಿಂದಲೇ ನಾವು ಒಂದಾದೆವು ಎಂಬುದನ್ನು ಮರೆಯಬಾರದು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಲಿ ಎಂದದ್ದೂ ಅದೇ ವರದಿ. ಇಡೀ ತಾಲ್ಲೂಕಿನಲ್ಲಿ ಮಲಯಾಳಿಗಳೇ ಹೆಚ್ಚು ಎಂಬುದು ಆಯೋಗದ ಲೆಕ್ಕ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಬೇರೆಯಾಗಿ ನೋಡಿ ಎಂಬುದು ಕನ್ನಡಿಗರ ಬೇಡಿಕೆ. ಮುಂದೆ ಮಹಾಜನ್ ಆಯೋಗ ಕನ್ನಡಿಗರ ಮಾತನ್ನೇ ಎತ್ತಿ ಹಿಡಿದದ್ದು, ಅದು ಕಾಗದದಲ್ಲೇ ಉಳಿದದ್ದು ನಿಮಗೆಲ್ಲ ಗೊತ್ತು. ಆಯೋಗದಲ್ಲಿ ಮಲಯಾಳಿಯೊಬ್ಬರು ಇದ್ದರಲ್ಲ ಎಂಬ ಗುಮಾನಿ ಸಹಜ. ಆದರೆ ಮೂವರೂ ಒಪ್ಪಿ ಸಹಿ ಹಾಕಿದ ಶಿಫಾರಸು ಅದು. ಅದೇ ಮೂವರು ತುಂಗಭದ್ರಾ ಯೋಜನೆಯ ಕಾರಣ ಹೇಳಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳು ಆಂಧ್ರಕ್ಕೆ ಹೋಗಲಿ ಎಂದಿದ್ದರು. ಅದರಿಂದ ಕೇರಳಕ್ಕೆ ಮೂರು ಕಾಸಿನ ಲಾಭವೂ ಇರಲಿಲ್ಲ. ಅದೃಷ್ಟಕ್ಕೆ ಕೇಂದ್ರ ಅದನ್ನು ಒಪ್ಪಲಿಲ್ಲ. ಕನ್ನಡದ ಎರಡು ಗಡಿಗಳಲ್ಲಿ ಆಯೋಗ ತಪ್ಪಿತು. ಎರಡನ್ನೂ ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದಾಗ ಆರೋಗ್ಯ ಕೆಟ್ಟಿತು. 1959ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, ಬಳಿಕ ಕಾಶ್ಮೀರದಲ್ಲಿ ಉಪಕುಲಪತಿ ಪದವಿ, ಕೊನೆಗೆ ಮೈಸೂರು. ಮಾನಸಗಂಗೋತ್ರಿ ಆಗಿನ್ನೂ ಹೊಸ ಆವರಣ. ಅಲ್ಲಿ ಅವರಿಗೆ ಹೆಚ್ಚು ಕಾಲ ದಕ್ಕಲಿಲ್ಲ.

ಅವರು ಬರೆದದ್ದರಲ್ಲಿ ಕನ್ನಡಿಗರು ಇವತ್ತು ಮೊದಲು ಓದಬೇಕಾದದ್ದು ಯಾವುದು ಎಂದು ಕೇಳಿದರೆ ನಾನು ಕಾವ್ಯದ ಹೆಸರನ್ನೂ ಹೇಳುವುದಿಲ್ಲ, ಇತಿಹಾಸ ಗ್ರಂಥದ ಹೆಸರನ್ನೂ ಹೇಳುವುದಿಲ್ಲ. ಆಯೋಗದ ವರದಿಗೆ ಅವರೊಬ್ಬರೇ ಪ್ರತ್ಯೇಕವಾಗಿ ಲಗತ್ತಿಸಿದ ಉತ್ತರ ಪ್ರದೇಶದ ಮೇಲಿನ ಟಿಪ್ಪಣಿಯನ್ನು ಹೇಳುತ್ತೇನೆ. ಲೋಕಸಭೆಯ 499 ಸದಸ್ಯರಲ್ಲಿ 86 ಮಂದಿ ಒಂದೇ ರಾಜ್ಯದವರು; ದೇಶದ ಆರರಲ್ಲಿ ಒಂದು ಪಾಲು ಜನ ಒಂದೇ ರಾಜ್ಯದಲ್ಲಿ. ಹೀಗಿರುವಾಗ ಒಕ್ಕೂಟದ ಸಮತೋಲ ಉಳಿಯುವುದು ಹೇಗೆ ಎಂದು ಅವರು ಕೇಳಿದರು. ಮೀರತ್, ಆಗ್ರಾ, ರೋಹಿಲಖಂಡ, ಝಾನ್ಸಿಯ ಕಡೆಯ ಜಿಲ್ಲೆಗಳನ್ನು ಸೇರಿಸಿ ಆಗ್ರಾ ಎಂಬ ಬೇರೆ ರಾಜ್ಯ ಮಾಡಿ ಎಂದರು. ಇನ್ನಿಬ್ಬರು ಸದಸ್ಯರು ಒಪ್ಪಲಿಲ್ಲ. ಕ್ಷೇತ್ರ ಮರುವಿಂಗಡಣೆಯಿಂದ ದಕ್ಷಿಣದ ರಾಜ್ಯಗಳ ದನಿ ಕುಗ್ಗೀತು ಎಂದು ನಾವೀಗ ಆತಂಕಪಡುತ್ತಿದ್ದೇವಲ್ಲ, ಆ ಆತಂಕದ ತಿರುಳು ಅಲ್ಲಿದೆ. ಬಹಳ ಉದ್ದದ ಬರಹವೂ ಅಲ್ಲ. ಈ ದತ್ತಿಯ ಮುಂದಿನ ವರ್ಷದ ಹೊತ್ತಿಗೆಯಾಗಿ ಅದನ್ನೇ ಕನ್ನಡಕ್ಕೆ ಮಾಡಿಸಿ ಅಚ್ಚು ಹಾಕಿಸಿ ಎಂದು ಸಂಚಾಲಕರಲ್ಲಿ ಕೇಳಿಕೊಳ್ಳುತ್ತೇನೆ. ಅನುವಾದದ ಕರಡು ತಿದ್ದುವ ಕೆಲಸ ನನಗಿರಲಿ.